ಕೆ.ಆರ್.ಎಸ್. ನೀರಿನ ಸುದ್ದಿಯ ಇಂಗ್ಲಿಷ್ ಪದಗಳು: ಅರ್ಥವೇನು, ಕನ್ನಡದಲ್ಲೇನು?

ಮುಂಗಾರು ಆರಂಭವಾಯಿತೆಂದರೆ ಕೆ.ಆರ್.ಎಸ್. ಜಲಾಶಯದ ನೀರಿನ ಲೆಕ್ಕ ನಿತ್ಯದ ಸುದ್ದಿಯಾಗುತ್ತದೆ. ಲೆವೆಲ್, ಇನ್‌ಫ್ಲೋ, ಔಟ್‌ಫ್ಲೋ, ಕ್ಯೂಸೆಕ್, ಟಿಎಂಸಿ ಮುಂತಾದ ಪದಗಳು ಮಂಡ್ಯದ ರೈತನಿಗೂ ಬೆಂಗಳೂರಿನ ನಲ್ಲಿ ನೀರಿನ ಬಳಕೆದಾರನಿಗೂ ಪರಿಚಿತವೇ. ಆದರೆ ಹರಿವಿನ ಅಳತೆಯನ್ನು ಸಂಗ್ರಹದ ಅಳತೆಯೆಂದು ಭಾವಿಸಿದರೆ ಇಡೀ ಸುದ್ದಿಯೇ ತಪ್ಪಾಗಿ ಅರ್ಥವಾಗುತ್ತದೆ.

ಇಂತಹ ಪದಗಳ ಅರ್ಥವಿವರಣೆಗೆ ಕನ್ನಡದಲ್ಲಿ ದೊಡ್ಡ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಗಂಜಾಂ ಅನ್ನು ತಮ್ಮ ಹೆಸರಿನಲ್ಲೇ ಹೊತ್ತಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ (1913–2021) ಅವರು ಅನ್ಯಭಾಷೆಗಳಿಂದ ಕನ್ನಡಕ್ಕೆ ಬಂದ ಶಬ್ದಗಳಿಗಾಗಿಯೇ ‘ಎರವಲು ಪದಕೋಶ’ ರಚಿಸಿದರು. ಕೆ.ಆರ್.ಎಸ್. ಸುದ್ದಿಯಲ್ಲಿ ಪದೇ ಪದೇ ಬರುವ ಪದಗಳ ವಿವರ ಇಲ್ಲಿದೆ.

ಲೆವೆಲ್: ನೀರಿನ ಮಟ್ಟ. ಕೆ.ಆರ್.ಎಸ್.ನ ಗರಿಷ್ಠ ಮಟ್ಟ 124.80 ಅಡಿ. ಇದು ಸಮುದ್ರಮಟ್ಟದಿಂದ ಎಣಿಸಿದ ಎತ್ತರವಲ್ಲ. ಕಬಿನಿಯ ಗರಿಷ್ಠ ಮಟ್ಟವಾದ 2,284 ಅಡಿ ಮಾತ್ರ ಸಮುದ್ರಮಟ್ಟದಿಂದ ಎಣಿಸಿದ್ದು. ಆದ್ದರಿಂದ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸಲ್ಲದು. ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದೊಂದು ಅಡಿಯಲ್ಲಿ ಕೆಳಗಿನದಕ್ಕಿಂತ ಹೆಚ್ಚು ನೀರಿರುತ್ತದೆ. ಮಟ್ಟ 100 ಅಡಿಯಿದ್ದಾಗ ಸಂಗ್ರಹ ಒಟ್ಟು ಸಾಮರ್ಥ್ಯದ ಅರ್ಧಕ್ಕಿಂತಲೂ ಕಡಿಮೆ ಎಂಬುದು ಗಮನಾರ್ಹ.

ಕ್ಯೂಸೆಕ್: ಸೆಕೆಂಡಿಗೆ ಒಂದು ಘನ ಅಡಿ ಹರಿವು, ಅಂದರೆ ಸುಮಾರು 28.3 ಲೀಟರ್. ಇದು ವೇಗದ ಲೆಕ್ಕವೇ ಹೊರತು ಮೊತ್ತದ ಲೆಕ್ಕವಲ್ಲ. ಎಷ್ಟು ಹೊತ್ತು ಹರಿಯಿತು ಎಂಬುದು ತಿಳಿಯದೆ ಎಷ್ಟು ನೀರು ಹೋಯಿತೆಂದು ಹೇಳಲಾಗದು. ಇದಕ್ಕೆ ಚಿಕ್ಕದಾದ ಕನ್ನಡ ಪದ ಬಳಕೆಗೆ ಬಂದಿಲ್ಲ. ಎರವಲು ಪದವೇ ನೆಲೆಯೂರಿದೆ.

ಟಿಎಂಸಿ: ಸಾವಿರ ದಶಲಕ್ಷ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಸುಮಾರು 2,832 ಕೋಟಿ. ಇದು ಮೊತ್ತದ ಲೆಕ್ಕ. ಕೆ.ಆರ್.ಎಸ್.ನ ಒಟ್ಟು ಸಾಮರ್ಥ್ಯ 49.45 ಟಿಎಂಸಿ. ಸುಮಾರು 11,574 ಕ್ಯೂಸೆಕ್ ಹರಿವು 24 ಗಂಟೆ ಮುಂದುವರಿದರೆ ಒಂದು ಟಿಎಂಸಿ ಆಗುತ್ತದೆ.

ಇನ್‌ಫ್ಲೋ: ಒಳಹರಿವು. ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ತರುವ ನೀರು.

ಔಟ್‌ಫ್ಲೋ: ಹೊರಹರಿವು. ನದಿಗೆ ಬಿಟ್ಟ ನೀರಿನ ಜೊತೆಗೆ ನಾಲೆಗಳಿಗೆ ಹರಿಸಿದ್ದೂ ಇದರಲ್ಲಿ ಸೇರಿರುತ್ತದೆ. ಹಿಂದೆ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಗೆ ಹೋಗುವ ನೀರೂ ಹೊರಹರಿವೇ. ಆದ್ದರಿಂದ ಹೊರಹರಿವೆಲ್ಲವೂ ತಮಿಳುನಾಡಿಗೆ ಹೋಗುತ್ತದೆಂದು ತಿಳಿಯುವುದು ಸರಿಯಲ್ಲ. ಆ ರಾಜ್ಯಕ್ಕೆ ತಲುಪಿದ ನೀರನ್ನು ಅಳೆಯುವುದು ಗಡಿಯ ಬಿಳಿಗುಂಡ್ಲುವಿನಲ್ಲಿ.

ಡೆಡ್ ಸ್ಟೋರೇಜ್: ತಳದಲ್ಲಿ ಉಳಿಯುವ, ಮಾಮೂಲಿ ಬಳಕೆಗೆ ಒದಗದ ಸಂಗ್ರಹ. ಒಟ್ಟು ಸಂಗ್ರಹದಿಂದ ಇದನ್ನು ಕಳೆದ ಮೇಲೆ ಉಳಿದದ್ದೇ ಬೆಳೆಗೂ ಕುಡಿಯಲೂ ಸಿಗುವ ನೀರು. ಬರಗಾಲದಲ್ಲಿ ಓದುಗರು ಮೊದಲು ಗಮನಿಸಬೇಕಾದ ಪದವಿದು.

ಕ್ಯಾಚ್‌ಮೆಂಟ್: ಜಲಾನಯನ ಪ್ರದೇಶ. ಮಂಡ್ಯದಲ್ಲಿ ಮೋಡವಿಲ್ಲದಿದ್ದರೂ ಕೊಡಗಿನಲ್ಲಿ ಮಳೆ ಸುರಿದರೆ ಜಲಾಶಯ ತುಂಬುವುದು ಇದರಿಂದಲೇ.

ಬ್ಯಾಕ್‌ವಾಟರ್: ಹಿನ್ನೀರು. ಹಳೆಯ ಕನ್ನಂಬಾಡಿ ಗ್ರಾಮ ಈ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇಗುಲವನ್ನು ನಂತರ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಪುನರ್ನಿರ್ಮಿಸಲಾಯಿತು.

ಸ್ಲೂಸ್: ತೂಬು. ಕೆರೆ ಕಟ್ಟಿದ ನಾಡಿಗೆ ಈ ಪದ ಹೊಸದಲ್ಲ.

ಅನಿಕಟ್: ಇಂಗ್ಲಿಷ್ ಸಾಲ ಪಡೆದ ಪದವಿದು. ತಮಿಳಿನ ‘ಅಣೈಕ್ಕಟ್ಟು’ ಇಂಗ್ಲಿಷಿನಲ್ಲಿ ಹೀಗಾಯಿತು. ನಮ್ಮ ‘ಅಣೆಕಟ್ಟು’ ಅದರ ಸೋದರ ಪದ.

ಅಲರ್ಟ್: ಮುನ್ನೆಚ್ಚರಿಕೆ. ನದಿಗೆ ಭಾರಿ ಪ್ರಮಾಣದ ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ವಿಹಾರ ಸ್ಥಗಿತಗೊಳ್ಳುತ್ತದೆ. ನದಿಪಾತ್ರದ ತಗ್ಗು ಪ್ರದೇಶದವರು ಸುರಕ್ಷಿತ ಸ್ಥಳಕ್ಕೆ ತೆರಳಬೇಕಾಗುತ್ತದೆ.

ಲೆಕ್ಕ ಏಕೆ ಮುಖ್ಯ?

ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 2023ರ ಆಗಸ್ಟ್ 29ರಂದು, 15 ದಿನಗಳ ಕಾಲ 5,000 ಕ್ಯೂಸೆಕ್ ನೀರು ಹರಿಸುವಂತೆ ಕರ್ನಾಟಕಕ್ಕೆ ಸೂಚಿಸಿತು. ಮಳೆ ಕೈಕೊಟ್ಟಿದ್ದ ಆ ವರ್ಷ ಮಂಡ್ಯದ ರೈತರು ಬೀದಿಗಿಳಿದರು. ಐದು ಸಾವಿರವೆಂಬುದು ಕೇಳಲು ಚಿಕ್ಕ ಸಂಖ್ಯೆ. ಆದರೆ ದಿನಕ್ಕೆ 86,400 ಸೆಕೆಂಡುಗಳಂತೆ ಗುಣಿಸಿದರೆ 15 ದಿನಗಳ ಮೊತ್ತ ಸುಮಾರು 6.5 ಟಿಎಂಸಿ. ಬಿಳಿಗುಂಡ್ಲುವಿನಲ್ಲಿ ಸಾಮಾನ್ಯ ವರ್ಷದಲ್ಲಿ ಲಭ್ಯವಾಗಬೇಕೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ನಿಗದಿಪಡಿಸಿದ 177.25 ಟಿಎಂಸಿಯೊಡನೆ ಹೋಲಿಸಬೇಕಾದದ್ದು ಈ ಮೊತ್ತವನ್ನು, ಕ್ಯೂಸೆಕ್ಕನ್ನಲ್ಲ.

ಹೊರಹರಿವಿಗಿಂತ ಒಳಹರಿವು ಹೆಚ್ಚಿದ್ದರೆ ಜಲಾಶಯ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಈ ವ್ಯತ್ಯಾಸವನ್ನು 11,574ರಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಟಿಎಂಸಿ ಏರಿತು ಅಥವಾ ಇಳಿಯಿತು ಎಂಬ ಅಂದಾಜು ಸಿಗುತ್ತದೆ. ಇಷ್ಟು ತಿಳಿದಿದ್ದರೆ ಅಣೆಕಟ್ಟೆಯ ಸುದ್ದಿಯನ್ನು ಯಾರ ನೆರವೂ ಇಲ್ಲದೆ ಓದಿಕೊಳ್ಳಬಹುದು.