ಕೊಡವಿಲ್ಲದ ನಡಿಗೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಬಾವಿನೀರು ಬಹುಮಟ್ಟಿಗೆ ಸವಳು. ಕುಡಿಯಲು ನವಲಗುಂದದ ನೀಲಮ್ಮನ ಕೆರೆಯಂಥ ಸಿಹಿನೀರಿನ ಕೆರೆಗಳೇ ಗತಿಯಾಗಿದ್ದವು. ನಮ್ಮ ಅಜ್ಜಿಯರಿಗೆ ಕೆರೆಯ ದಾರಿಯೆಂದರೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಈಜುವ ಮಾತಂತೂ ದೂರ. ಕುಡಿಯುವ ನೀರಿಗೆ ಕಾಲಿಡುವುದೇ ತಪ್ಪು.

ಪಶ್ಚಿಮದ ಕಲಘಟಗಿಯತ್ತ ಮಳೆ ಹೆಚ್ಚು, ಕಾಡೂ ಉಂಟು. ಅಲ್ಲಿ 1955ರಲ್ಲಿ ಬೇಡ್ತಿಗೆ ಅಡ್ಡಲಾಗಿ ನೀರಸಾಗರ ಕಟ್ಟಿ ಹುಬ್ಬಳ್ಳಿಗೆ ಕುಡಿಯುವ ನೀರು ತಂದರು. ಪೇಟೆಯ ಎಷ್ಟೋ ಹೆಂಗಸರ ಸೊಂಟದ ಕೊಡ ಇಳಿಯಿತು. ಇಂದು ಅದರ ದಂಡೆಯಲ್ಲಿ ಬರಿಗೈಯಲ್ಲಿ ಸುತ್ತಾಡುವ ಸುಖ ನಮಗೆ ದಕ್ಕಿದೆ. ನೀರು ಕಂಡು ಈಜುವ ಆಸೆಯೂ ಆದೀತು. ಆದರೆ ಅಜ್ಜಿಯರ ನೇಮ ಇಲ್ಲಿಗೂ ಸಲ್ಲುತ್ತದೆ. ಇದೂ ಕುಡಿಯುವ ನೀರೇ ಅಲ್ಲವೇ? ನಡೆಯೋಣ, ನೋಡೋಣ, ಇಳಿಯುವುದು ಬೇಡ.