ನೀರು ತಂಗುವ ಠಾವು

ವಿಜಯಪುರದ ಕೋಟೆಯ ದಕ್ಷಿಣದ ಬಾಗಿಲಿಗೆ ನಮ್ಮೂರಿನ ಹೆಸರಿರುವುದು ಮನಗೂಳಿಯವರಾದ ನಮಗೆ ಬಾಲ್ಯದಿಂದಲೂ ಅಭಿಮಾನದ ಸಂಗತಿ. 1686ರಲ್ಲಿ ಆದಿಲಶಾಹಿ ರಾಜ್ಯವನ್ನು ಕೊನೆಗಾಣಿಸಿದ ಔರಂಗಜೇಬನು ಆ ಬಾಗಿಲಿನಿಂದ ನಗರವನ್ನು ಹೊಕ್ಕು, ವಿಜಯಸೂಚಕವಾಗಿ ಅದಕ್ಕೆ ಫತೇ ದರವಾಜವೆಂಬ ನಾಮಧೇಯವನ್ನಿತ್ತನಾದರೂ, ಗಾಡಿಯಲ್ಲಿ ಜೋಳದ ಚೀಲಗಳನ್ನು ಹೇರಿಕೊಂಡು ಸಂತೆಗೆ ಹೋಗುತ್ತಿದ್ದ ನಮ್ಮ ಹಿರಿಯರ ಬಾಯಲ್ಲಿ ಅದು ಮನಗೂಳಿ ಅಗಸಿಯಾಗಿಯೇ ಉಳಿದುಬಂದಿತು. ಅದೇ ದಿಕ್ಕಿನಲ್ಲಿ, ನಗರದಿಂದ ಕೆಲವು ಮೈಲಿಗಳ ಹೊರಗೆ, ಬೇಗಂ ತಲಾಬ್ ಎಂಬ ಕೆರೆಯುಂಟು. ಆ ಕೆರೆಯ ನೀರು ನೆಲದೊಳಗೆ ಹರಿದು ನಗರವನ್ನು ಸೇರುತ್ತಿದ್ದಾಗ ದಾರಿಯಲ್ಲಿ ತಿಳಿಯಾಗುತ್ತಿದ್ದ ಬಗೆಯನ್ನು ನಾನು ಮತ್ತೊಮ್ಮೆ ನೆನೆಯಬೇಕಾಗಿ ಬಂದದ್ದು, ನನ್ನ ತಮ್ಮನ ಮಗನು ಮನೆಯ ಪಡಸಾಲೆಯಲ್ಲಿ ಮೀನುಗಳಿಗಾಗಿ ಒಂದು ಗಾಜಿನ ತೊಟ್ಟಿಯನ್ನು ತಂದಿರಿಸಿದ ಕಾರಣದಿಂದ.

ನಮ್ಮ ಡೋಣಿ ಹೊಳೆಯ ಸೀಮೆಯ ನೀರಿನ ಗುಣವನ್ನು ಬಲ್ಲವರಿಗೆ ಈ ಪ್ರಾಂತದ ಮನೆಗಳಲ್ಲಿ ನೀರನ್ನು ತಿಳಿಗೊಳಿಸುವುದು ಎಷ್ಟು ದೊಡ್ಡ ಗೃಹಕೃತ್ಯವಾಗಿತ್ತೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಎರೆನೆಲದ ಹಳ್ಳದ ನೀರು ಮಳೆಗಾಲದಲ್ಲಿ ರಾಡಿಯಾಗಿ ಬರುವುದು. ಎರೆಯ ಕಣವು ಅತಿ ಸೂಕ್ಷ್ಮವಾದುದರಿಂದ ಒಂದು ರಾತ್ರಿ ಕಳೆದರೂ ಪೂರ್ತಿಯಾಗಿ ತಳ ಸೇರದು. ಬಾವಿಯ ನೀರೋ ಹಲವೆಡೆ ಸವಳು. ಬೆಳಗಿನಲ್ಲಿ ತಂದ ಕೊಡದ ಬಾಯಿಗೆ ಅರಿವೆ ಕಟ್ಟಿ ಹರಿವಿಗೆ ಸೋಸಿ, ಹರಿವಿಯನ್ನು ಮೂಲೆಯಲ್ಲಿ ಅಲುಗಾಡದಂತಿಟ್ಟು, ಮರುದಿನ ಮೇಲಿನ ನೀರನ್ನಷ್ಟೇ ಮೆಲ್ಲನೆ ಬಗ್ಗಿಸಿಕೊಳ್ಳುವ ಕ್ರಮವನ್ನು ನಮ್ಮ ಆಯಿಯು ದೇವರ ಪೂಜೆಯ ನೇಮದಿಂದಲೇ ನಡೆಯಿಸುತ್ತಿದ್ದಳು. "ಕದಡಬ್ಯಾಡ್ರೋ, ನೀರು ಕೂಡ್ರಲಿ," ಎಂದು ಅವಳು ಮಕ್ಕಳಾದ ನಮ್ಮನ್ನು ಗದರಿಸುತ್ತಿದ್ದುದು ಈಗಲೂ ಕಿವಿಯಲ್ಲಿದೆ. ನೀರು ಕೂಡ್ರುವುದು ಎಂಬ ಆ ಮಾತಿನಲ್ಲಿ ನನ್ನ ಈ ಪ್ರಬಂಧದ ವಿಷಯವೆಲ್ಲ ಅಡಗಿದೆಯೆಂದರೆ ಹೆಚ್ಚಲ್ಲ.

ಆಯಿಯ ಅರಿವೆಯ ಹಿಂದೆ ಬಹು ಪುರಾತನವಾದ ಶಾಸ್ತ್ರವಿದ್ದಿತು. ಸುಶ್ರುತನು ಕಲುಷಿತ ಜಲವನ್ನು ಪ್ರಸನ್ನಗೊಳಿಸುವ ಏಳು ಸಾಧನಗಳನ್ನು ಎಣಿಸುತ್ತಾನೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ವಸ್ತ್ರ, ಮುತ್ತು, ಮಣಿ. ಇವುಗಳಲ್ಲಿ ಕತಕವೆಂಬುದು ಚಿಲ್ಲದ ಬೀಜ. ಅದನ್ನು ಪಾತ್ರೆಯ ಒಳಮೈಗೆ ತೇಯ್ದರೆ ನೀರಿನಲ್ಲಿ ತೇಲುವ ಸೂಕ್ಷ್ಮಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕಿಳಿಯುವುವು. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಕಹಿಯೂ ಉಪ್ಪೂ ಆದ ಬಾವಿಯ ನೀರಿಗೆ ಅಂಜನ, ಭದ್ರಮುಷ್ಟಿ, ಲಾಮಂಚ, ನೆಲ್ಲಿ ಮುಂತಾದವುಗಳೊಡನೆ ಈ ಕತಕವನ್ನೇ ಹಾಕಹೇಳಿದ್ದಾನೆ. ಮೀನಿನ ವಿಷಯಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಅಲ್ಲಿ ಸಮುದ್ರದ ಮತ್ತು ಸಿಹಿನೀರಿನ ಮೀನುಗಳನ್ನು ವಿಂಗಡಿಸಿ, ಯಾವ ಮೀನಿಗೆ ಯಾವ ಉಂಡೆಯ ಆಹಾರ ಹಿತವೆಂಬುದನ್ನು ಸಹ ಹೇಳಿದೆ. ಆದರೆ ಅದು ಗಾಳ ಹಾಕಿ ಹಿಡಿಯುವ ರಾಜನ ವಿನೋದ. ಮೀನನ್ನು ಮನೆಯೊಳಗಿರಿಸಿ ಅದರ ನೀರನ್ನು ನಿತ್ಯವೂ ಶುದ್ಧವಾಗಿರಿಸುವ ಚಿಂತೆಯು ಲೋಕಕ್ಕೆ ಬಂದದ್ದು ಬಹಳ ತಡವಾಗಿ.

ಈಗ ಬೇಗಂ ತಲಾಬಿನ ಕಡೆಗೆ ಬರೋಣ. ತಾಳಿಕೋಟೆಯ ಯುದ್ಧವು ನಡೆದ 1565ರ ಬಳಿಕ ನಗರವು ಶೀಘ್ರವಾಗಿ ಬೆಳೆಯತೊಡಗಲು, ಮೊದಲನೆಯ ಅಲಿ ಆದಿಲಶಾಹನು ಪಶ್ಚಿಮಕ್ಕಿರುವ ತೊರವೆಯ ನೀರನ್ನು ನೆಲದೊಳಗಿನ ಸುರಂಗದಿಂದ ತರಿಸಿದನು. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರಿತ್ತ ತೊರವೆಯೇ ಒಂದು ಮಹಾನಗರದ ದಾಹವನ್ನೂ ತಣಿಸಿತೆಂಬುದು ನನಗೆ ಬಹು ಪ್ರಿಯವಾದ ಸಂಗತಿ. ಅದೂ ಸಾಲದೆ, 1651ರಲ್ಲಿ ಮುಹಮ್ಮದ ಆದಿಲಶಾಹನು ಜಹಾನ್ ಬೇಗಮಳ ಹೆಸರಿನಲ್ಲಿ ಈ ದೊಡ್ಡ ಕೆರೆಯನ್ನು ಕಟ್ಟಿಸಿದನು; ಅದರ ವಿಸ್ತಾರ 234 ಎಕರೆಯೆಂದು ಹೇಳುತ್ತಾರೆ. ಕೆರೆಯಿಂದ ಹೊರಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆಕಲ್ಲಿನಿಂದ ಭದ್ರಪಡಿಸಿ, 15ರಿಂದ 50 ಅಡಿಗಳ ಆಳದಲ್ಲಿ ಹೂತು ನಗರದವರೆಗೂ ಒಯ್ದರು. ಅಸಾರ್ ಮಹಲಿನ ಮುಂದಿನ ಕೊಳಗಳಿಗೂ ಅದೇ ನೀರು.

ಮಣ್ಣಿನ ಕೊಳವೆಯು ಒತ್ತಡವನ್ನು ತಾಳಲಾರದು. ಇಳಿಜಾರಿನಲ್ಲಿ ಬಂದ ನೀರು ಕೊಳವೆಯನ್ನು ಸೀಳಿಬಿಟ್ಟರೆ, 50 ಅಡಿಗಳ ಆಳದಲ್ಲಿ ಆದ ಆ ಗಾಯವನ್ನು ಹುಡುಕುವವರಾರು? ಆದುದರಿಂದ ಆ ಕಾಲದ ಕೆಲಸಗಾರರು ದಾರಿಯುದ್ದಕ್ಕೂ 25ರಿಂದ 40 ಅಡಿಗಳೆತ್ತರದ ಗೋಪುರಗಳನ್ನು ಕಟ್ಟಿದರು. ಅವುಗಳಿಗೆ ಗಂಜ್ ಎಂದು ಹೆಸರು. ನೀರು ಒಂದು ಮಗ್ಗುಲಿನಿಂದ ಗಂಜನ್ನು ಹೊಕ್ಕು, ತನ್ನ ಒತ್ತಡಕ್ಕೆ ತಕ್ಕಷ್ಟು ಎತ್ತರ ಏರಿ, ಬಯಲ ಗಾಳಿಗೆ ಮೈಯೊಡ್ಡಿ, ತನ್ನ ರಭಸವನ್ನು ಅಲ್ಲಿಯೇ ಕಳೆದುಕೊಂಡು ಮುಂದಿನ ಕೊಳವೆಗೆ ಸಾಗುವುದು. ಹಾಗೆ ಅದು ಕ್ಷಣಕಾಲ ತಂಗಿದಾಗ ಹೊತ್ತುತಂದ ಹೂಳು ಗಂಜಿನ ತಳದಲ್ಲಿ ಇಳಿದು, ತಿಳಿಯು ಮಾತ್ರ ಮುಂದಕ್ಕೆ ಹೋಗುವುದು. ಕೊಳವೆ ಒಡೆಯದಂತೆ ಕಾಯುವ ಉಪಾಯವೇ ನೀರನ್ನು ಶುದ್ಧಗೊಳಿಸುವ ಉಪಾಯವೂ ಆದ ಈ ಯುಕ್ತಿಯನ್ನು ನಾನು ಎಷ್ಟು ಸಲ ನೆನೆದರೂ ತೃಪ್ತಿಯಾಗದು. ಇಸ್ತಾಂಬುಲಿನಲ್ಲಿಯೂ ಇಂತಹ ಗೋಪುರಗಳಿದ್ದು, ತುರ್ಕರು ಅವನ್ನು ಸು ತೆರಾಜಿ, ಎಂದರೆ ನೀರಿನ ತಕ್ಕಡಿ, ಎಂದು ಕರೆದರು. ನಮ್ಮ ಸಂತೆಯ ತರಾಜು ಎಂಬ ಮಾತೂ ಅದೇ ಮೂಲದ್ದು. ಗೋಲಗುಮ್ಮಟವನ್ನು ನೋಡಲು ದೂರದೇಶಗಳಿಂದ ಬರುವವರು ಬೀದಿಯ ಮಗ್ಗುಲಲ್ಲಿ ನಿಂತಿರುವ ಈ ಕಪ್ಪುಗಲ್ಲಿನ ಗಂಜುಗಳ ಕಡೆಗೆ ಕಣ್ಣೆತ್ತಿಯೂ ನೋಡದೆ ಹೋಗುವುದನ್ನು ಕಂಡು ನನಗೆ ವ್ಯಥೆಯಾಗಿದೆ. ಗುಮ್ಮಟವು ಒಬ್ಬ ಅರಸನ ಸಮಾಧಿ; ಗಂಜು ಸಹಸ್ರಾರು ಮನೆಗಳ ಕೊಡ ತುಂಬಿಸಿತು.

ಗಾಜಿನ ತೊಟ್ಟಿಯ ಚರಿತ್ರೆಗೆ ಇಷ್ಟು ಹಳಮೆಯಿಲ್ಲ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞನು 12 ಗ್ಯಾಲನ್ ನೀರಿನಲ್ಲಿ ಎರಡು ಚಿನ್ನದ ಬಣ್ಣದ ಮೀನು, ಒಂದು ಜಲಸಸ್ಯ, ಕೆಲವು ಬಸವನಹುಳು ಇವನ್ನು ಜತೆಯಾಗಿರಿಸಿ, ಪ್ರಾಣಿಯೂ ಸಸ್ಯವೂ ಪರಸ್ಪರ ಪೋಷಕವಾಗಿದ್ದರೆ ನೀರು ಕೆಡದೆಂಬುದನ್ನು ತೋರಿಸಿದನು. 1853ರಲ್ಲಿ ರೀಜೆಂಟ್ಸ್ ಪಾರ್ಕಿನ ಮೃಗಶಾಲೆಯಲ್ಲಿ ಮೀನುಗಳ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಗ್ರಂಥದಿಂದ ಅಕ್ವೇರಿಯಂ ಎಂಬ ಶಬ್ದವು ಮನೆಮನೆಗೂ ಹಬ್ಬಿತು. ಜನರು ಮೀನನ್ನು ಕೊಂಡರು; ಹಲವರ ಮೀನುಗಳು ಸತ್ತವು. ತೊಟ್ಟಿಯಲ್ಲಿ ಕಾಣುವಷ್ಟು ನೀರು ಮೀನಿಗೆ ಸಾಲದೆಂಬ ಮರ್ಮವನ್ನು ಕಂಡುಕೊಂಡವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವನು ಕಟ್ಟಿಸಿದ ಮತ್ಸ್ಯಾಲಯದಲ್ಲಿ, ನೋಟಕರು ಕಾಣುವ ತೊಟ್ಟಿಗಳಿಗಿಂತ ಎಷ್ಟೋ ಪಾಲು ಹೆಚ್ಚು ಸಮುದ್ರಜಲವು ಅವರ ಕಾಲ ಕೆಳಗಿನ ಕತ್ತಲೆಯ ಹೌದಿನಲ್ಲಿರುತ್ತಿತ್ತು. ಉಗಿಯಂತ್ರದ ಪಂಪುಗಳು ಅಹೋರಾತ್ರಿ ಆ ನೀರನ್ನು ಮೇಲಕ್ಕೆತ್ತುವುವು, ಅದು ತೊಟ್ಟಿಗಳನ್ನು ಹಾಯ್ದು ಮತ್ತೆ ಕೆಳಗಿಳಿಯುವುದು. ಬೆಳಕಿಲ್ಲದ ಹೌದಿನಲ್ಲಿ ಪಾಚಿ ಬೆಳೆಯದು, ತಂಗಿದ ನೀರಿನ ಕಶ್ಮಲ ತಳ ಸೇರುವುದು.

ಆದರೆ ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾ ಎಂಬ ವಿಷವು ಕಣ್ಣಿಗೆ ಕಾಣದು, ತಳಕ್ಕಿಳಿಯದು, ಅರಿವೆಗೆ ಸಿಕ್ಕದು. ಇದರ ಉತ್ತರವು ಚರಂಡಿಯ ನೀರಿನಿಂದ ಬಂದಿತು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬವರು ಚರಂಡಿಯ ನೀರನ್ನು ಮರಳು ತುಂಬಿದ ಕೊಳವೆಯಲ್ಲಿ ಮೆಲ್ಲಗೆ ಇಳಿಯಬಿಡಲು, ಕೆಲವು ದಿನಗಳ ತರುವಾಯ ಅಮೋನಿಯಾ ಮಾಯವಾಗಿ ನೈಟ್ರೇಟು ಹುಟ್ಟಿತು. ಕ್ಲೋರೋಫಾರಂ ಆವಿಯನ್ನು ಹಾಯಿಸಲು ಆ ಕ್ರಿಯೆ ನಿಂತಿತು. ಆದುದರಿಂದ ಅದು ಮರಳಿನ ಗುಣವಲ್ಲ, ಮರಳಿಗೆ ಅಂಟಿದ ಜೀವಾಣುಗಳ ಕಾರ್ಯವೆಂದು ತಿಳಿಯಿತು. 1890ರಲ್ಲಿ ವಿನೊಗ್ರಾಡ್‌ಸ್ಕಿಯು ಆ ಜೀವಾಣುಗಳನ್ನು ಬೇರ್ಪಡಿಸಿ ತೋರಿಸಿದನು.

ನಮ್ಮ ಹುಡುಗನು ಸಂಪು ಎಂದು ಕರೆಯುವ ವಸ್ತುವು ಇವೆಲ್ಲದರ ಸಂಗಮ. ನಮ್ಮ ನಾಡಿನಲ್ಲಿ ಸಂಪು ಎಂದೊಡನೆ ಅಂಗಳದ ಕೆಳಗೆ ನಳದ ನೀರು ತುಂಬುವ ಹೌದು ಎಂದೇ ಅರ್ಥ. ಅವನು ಮಾಡಿದ್ದೂ ಅದರದೇ ಸಣ್ಣ ರೂಪ. ಮೂರಡಿ ಉದ್ದ, ಒಂದಡಿ ಅಗಲದ ಮೀನಿನ ತೊಟ್ಟಿಯ ಕೆಳಗೆ ಎರಡಡಿಯ ಹಳೆಯ ಗಾಜಿನ ತೊಟ್ಟಿಯನ್ನಿಟ್ಟು, ಸಿಲಿಕೋನ್ ಅಂಟಿನಿಂದ ಅಡ್ಡಗಾಜುಗಳನ್ನು ನಿಲ್ಲಿಸಿ ಅದನ್ನು ಮೂರು ಮನೆಗಳಾಗಿ ವಿಭಾಗಿಸಿದನು. ಮೇಲಿನಿಂದ ತುಂಬಿ ಚೆಲ್ಲುವ ನೀರು ಮೊದಲನೆಯ ಮನೆಯಲ್ಲಿ ಸ್ಪಂಜಿನ ಮೂಲಕ ಇಳಿಯುವುದು. ಎರಡನೆಯದರಲ್ಲಿ ತೊಳೆದ ಇಟ್ಟಂಗಿ ಚೂರುಗಳ ನಡುವೆ ಹಾಯುವುದು, ಜೀವಾಣುಗಳ ಬೀಡು ಅಲ್ಲಿಯೇ. ಮೂರನೆಯದರಿಂದ ಸಣ್ಣ ಪಂಪು ಅದನ್ನು ಮೇಲಕ್ಕೆ ಕಳುಹುವುದು. ಮೂರು ವಾರ ಒಂದೆರಡು ಮೀನುಗಳನ್ನಷ್ಟೇ ಬಿಟ್ಟು ಸಹನೆಯಿಂದ ಕಾಯಬೇಕೆಂದು ಅವನು ಹೇಳಿದಾಗ ನಾನು ಆಯಿಯನ್ನು ನೆನೆದೆನು.

ಮೊದಲ ರಾತ್ರಿಯೇ ಕರೆಂಟು ಹೋಯಿತು. ಪಂಪು ನಿಂತೊಡನೆ ನೀರು ಪೈಪಿನಲ್ಲಿ ಹಿಂದಕ್ಕೆ ಸೆಳೆದುಕೊಂಡು ಇಳಿದು, ಬೆಳಗಾಗುವಷ್ಟರಲ್ಲಿ ಪಡಸಾಲೆಯೆಲ್ಲ ತೊಯ್ದಿತ್ತು. ಆ ಅಳತೆಯ ತೊಟ್ಟಿಯಲ್ಲಿ ನೀರು ಒಂದಂಗುಲ ಇಳಿದರೆ ಕೆಳಗೆ ಸುಮಾರು ಏಳು ಲೀಟರು ಬರುವುದೆಂದು ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ನಾನು ಅವನನ್ನು ವಿಜಯಪುರಕ್ಕೆ ಕರೆದೊಯ್ದು ಒಂದು ಗಂಜಿನ ಮುಂದೆ ನಿಲ್ಲಿಸಿ, ನೀರು ಗಾಳಿಗೆ ಮೈಯೊಡ್ಡಿದ ಕಡೆ ಅದರ ಸೆಳೆತ ಮುರಿಯುವುದೆಂಬುದನ್ನು ವಿವರಿಸಿದೆನು. ಅವನು ಬಹಳ ಹೊತ್ತು ಮೇಲಕ್ಕೆ ನೋಡಿ, "ದೊಡ್ಡಪ್ಪಾ, ಪೈಪಿಗೆ ನೀರಿನ ಮಟ್ಟದಾಗ ಒಂದು ತೂತು ಹಾಕಿದ್ರ ಸಾಕಲ್ರೀ, ಗಾಳಿ ಹೊಕ್ಕಂಡು ಸೆಳತ ನಿಲ್ತದ," ಎಂದನು.

ಮನೆಗೆ ಬಂದು ಹಾಗೆಯೇ ಮಾಡಿದನು. ಕೆಳಗಿನ ತೊಟ್ಟಿಯಲ್ಲಿ ಹದಿನೈದು ಲೀಟರಿಗಾಗುವಷ್ಟು ಜಾಗವನ್ನು ಬರಿದಾಗಿರಿಸಿ, ಏರುವ ನೀರು ದಾಟಬಾರದ ಮಟ್ಟಕ್ಕೆ ಹೊರಗಾಜಿನ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದನು. ಸಂಜೆ ಮತ್ತೆ ಕರೆಂಟು ಹೋದಾಗ ಕಂದೀಲು ಹಿಡಿದು ನಾವು ನೆಲದ ಮೇಲೆ ಕುಳಿತೆವು. ಮೇಲಿನ ನೀರು ಒಂದಂಗುಲದಷ್ಟು ಇಳಿಯಿತು. ಪೈಪಿನ ತೂತು ಒಮ್ಮೆ ಗುಳುಗುಳಿಸಿತು. ಕೆಳಗಿನ ನೀರು ಏರುತ್ತ ಏರುತ್ತ ಸುಣ್ಣದ ಗೆರೆಗೆ ನಾಲ್ಕು ಬೆರಳು ಕೆಳಗೆ ನಿಂತಿತು.