ಹಲ್ಲಿನ ಬೇರಿಗಿಳಿದ ಮರದ ಹಾಲು

ನಮ್ಮ ಕಲಬುರಗಿ ಸೀಮೆಯಲ್ಲಿ ಹಲ್ಲುನೋವಿಗೆ ಬಹುಕಾಲ ಎರಡೇ ದಾರಿ: ಲವಂಗ ಕಚ್ಚಿ ಹಿಡಿಯುವುದು, ತಾಳದಿದ್ದರೆ ಹಲ್ಲು ಕೀಳಿಸುವುದು. ಹಲ್ಲನ್ನು ಉಳಿಸಿಕೊಳ್ಳುವ ಮೂರನೆಯ ದಾರಿಯೇ ರೂಟ್ ಕೆನಾಲ್. ಕೊಳೆತ ನರ ತೆಗೆದು ಬೇರಿನ ನಾಳವನ್ನು ತೊಳೆಯುವುದು ಅದರಲ್ಲಿ ಅರ್ಧ ಕೆಲಸ. ಬರಿದಾದ ನಾಳವನ್ನು ತುದಿಯವರೆಗೆ ತುಂಬಿ ಮುಚ್ಚುವುದು ಉಳಿದರ್ಧ. ಈ ಉಳಿದರ್ಧದ ಚರಿತ್ರೆ ಮಲಯದ ಕಾಡಿನಲ್ಲಿ ಶುರುವಾಗುತ್ತದೆ.

ಅಲ್ಲಿನ ಗಟ್ಟಾಪರ್ಚಾ ಮರದ ಹಾಲು ಬಿಸಿನೀರಿನಲ್ಲಿ ಮೆತ್ತಗಾಗಿ, ಆರಿದಾಗ ಗಟ್ಟಿಯಾಗುತ್ತದೆ. ಸಿಂಗಾಪುರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ಮಾಂಟ್ಗೊಮರಿ 1843ರಲ್ಲಿ ಅದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. ನೀರನ್ನೂ ವಿದ್ಯುತ್ತನ್ನೂ ತಡೆಯುವ ಈ ವಸ್ತು ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಕೆಯಾಯಿತು. 1870ರಲ್ಲಿ ಮುಂಬೈಯನ್ನು ಸೂಯೆಜ್‌ಗೆ ಜೋಡಿಸಿದ ತಂತಿಗೂ ಇದೇ ಹೊದಿಕೆ. ಹಾಲಿಗಾಗಿ ಮರಗಳನ್ನೇ ಕಡಿದುರುಳಿಸಿದ್ದರಿಂದ ಆ ಕಾಡುಗಳು ಬಹುವಾಗಿ ನಲುಗಿದವು. ಇದೇ ಕಾಲದಲ್ಲಿ, 1867ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನ ದಂತವೈದ್ಯ ಬೌಮನ್ ಬೇರುನಾಳ ತುಂಬಲು ಗಟ್ಟಾಪರ್ಚಾ ಬಳಸಿದ. ಕಡಲಿನ ನೀರು ತಡೆದದ್ದು ಬಾಯಿಯ ನೀರನ್ನೂ ತಡೆಯಬೇಕಿತ್ತು.

ಆದರೆ ಗಟ್ಟಾಪರ್ಚಾ ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಸಂದು ಮುಚ್ಚಲು ಸೀಲರ್ ಬೇಕು. ಗ್ರಾಸ್‌ಮನ್ 1936ರಲ್ಲಿ ರೂಪಿಸಿದ ಹೆಸರಾಂತ ಸೀಲರ್‌ನಂಥವುಗಳಲ್ಲಿ ಝಿಂಕ್ ಆಕ್ಸೈಡ್ ಪುಡಿಯನ್ನು ಯೂಜಿನಾಲ್‌ನೊಂದಿಗೆ ಕಲಸುತ್ತಾರೆ. ಯೂಜಿನಾಲ್ ಎಂದರೆ ಲವಂಗದೆಣ್ಣೆಯ ಸಾರ. ಅಜ್ಜಿಯರು ನೋವಿಗೆ ಇಡುತ್ತಿದ್ದ ಲವಂಗವೇ ದವಾಖಾನೆಯ ಸಿಮೆಂಟಿನೊಳಗೂ ಬಂದಿತ್ತು! ಈಗ ಎಪಾಕ್ಸಿ ರಾಳದ, ಬಯೋಸೆರಾಮಿಕ್‌ನ ಸೀಲರ್‌ಗಳೂ ಬಳಕೆಯಲ್ಲಿವೆ.

ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾ. ಆರ್. ಅಹ್ಮದ್ ಕಲ್ಕತ್ತೆಯಲ್ಲಿ ತೆರೆದದ್ದು 1920ರಲ್ಲಿ. ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ನಮ್ಮ ಸೀಮೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದದ್ದೂ ಅದೇ ವರ್ಷ. ಇಂದು ಕಲಬುರಗಿ ನಗರದಲ್ಲೇ ದಂತವೈದ್ಯ ಕಾಲೇಜುಗಳಿವೆ. ಆಳಂದ, ಜೇವರ್ಗಿಗಳಿಂದ ಸುಮಾರು 40 ಕಿ.ಮೀ. ಬಸ್ ಪ್ರಯಾಣ, ಅಫಜಲಪುರ ಇನ್ನೂ ದೂರ.

ಇತಿಹಾಸ ಓದುವ ನನಗೆ ಕಾಡುವುದು ಈ ದೂರ. ಮೊದಲ ಸಲ ನರ ತೆಗೆದು ತಾತ್ಕಾಲಿಕ ಸಿಮೆಂಟ್ ಹಾಕಿದೊಡನೆ ನೋವು ಇಳಿಯುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಎರಡನೆಯ ಸಲ ಬಸ್ ಹತ್ತುವುದು ಸುಲಭವಲ್ಲ. ಆದರೆ ಆ ಸಿಮೆಂಟ್ ಇರುವುದು ಕೆಲವೇ ವಾರಗಳ ಮಟ್ಟಿಗೆ. ಅದು ಸವೆದು ಸೋರಿದರೆ ಎಂಜಲಿನೊಂದಿಗೆ ಸೂಕ್ಷ್ಮಜೀವಿಗಳು ಮತ್ತೆ ಒಳಗಿಳಿಯುತ್ತವೆ. ಕೊನೆಗೆ ಉಳಿಯಬಹುದಾಗಿದ್ದ ಹಲ್ಲನ್ನೇ ಕೀಳಬೇಕಾಗುತ್ತದೆ. ಕಡಕ ರೊಟ್ಟಿ ತಿನ್ನುವ ಊರಲ್ಲಿ ಒಂದು ದವಡೆ ಹಲ್ಲು ಸಣ್ಣ ನಷ್ಟವಲ್ಲ.

ಮಲಯದ ಮರದ ಹಾಲು ಕಲಬುರಗಿಯವರೆಗೆ ಬಂದು ತಲುಪಿದೆ. ಕೊನೆಯ 40 ಕಿ.ಮೀ. ಇನ್ನೂ ಬಾಕಿ ಇದೆ.